ಹತ್ತೊಂಬತ್ತು ರಾತ್ರಿಯ ಅಲೆ

ನವೆಂಬರ್ ೬

ಅಪ್ಪಾ,

ಇಲ್ಲಿ ಫೋನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸಿಗ್ನಲ್ ಬೇಕೆಂದರೆ ಜನರೇಟರ್ ಶೆಡ್ಡಿನ ಹಿಂದಿನ ಬಂಡೆ ಹತ್ತಬೇಕು. ಹತ್ತಿ ಮಾತಾಡಿದರೂ ನೀವು ಆ ಕಡೆಯಿಂದ "ಏನಂದೆ? ಏನಂದೆ?" ಅನ್ನುವುದು, ನಾನು ಈ ಕಡೆ ಗಂಟಲು ಹರಿದುಕೊಳ್ಳುವುದು, ಕೊನೆಗೆ ಅಮ್ಮ ಫೋನ್ ಕಿತ್ತುಕೊಂಡು "ಊಟ ಆಯ್ತಾ?" ಎಂದು ಕೇಳಿ ಇಟ್ಟುಬಿಡುವುದು. ಅದಕ್ಕಿಂತ ಕಾಗದವೇ ವಾಸಿ. ಮಂಗಳವಾರ ಸಾಮಾನಿನ ಜೀಪು ಬರುತ್ತದೆ, ಟಪಾಲೂ ಅದರಲ್ಲೇ.

ನೀವು ಇಪ್ಪತ್ತೆರಡು ವರ್ಷ ರಾತ್ರಿ ಪಾಳಿ ಮಾಡಿದ ಬೆಟ್ಟದ ವೀಕ್ಷಣಾಲಯದಲ್ಲಿ ಈಗ ನಾನಿದ್ದೇನೆ. ನಾನು ಹುಟ್ಟಿದ ಕ್ವಾರ್ಟರ್ಸಿನಲ್ಲಿ ಬ್ಯಾಟರಿಗಳನ್ನು ಪೇರಿಸಿಟ್ಟಿದ್ದಾರೆ. ಗುಮ್ಮಟ ಮಾತ್ರ ಹಾಗೇ ಇದೆ. ಆಕಾಶದ ಬೆಳಕು ಅಳೆಯುತ್ತಿದ್ದ ನಿಮ್ಮ ಮೀಟರು ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿದೆ. ಅದರ ಜಾಗದಲ್ಲಿ ಬಕೆಟ್ಟಿನಷ್ಟು ದೊಡ್ಡ ಕ್ಯಾಮೆರಾ. ಇಡೀ ಆಕಾಶವನ್ನು ಒಂದೇ ಸಲಕ್ಕೆ ನೋಡುತ್ತದೆ, ನಿಮಿಷಕ್ಕೊಂದು ಚಿತ್ರ.

ಹಗಲು ಬಿಸಿಲು ಒಡೆದುಹಾಕಿದ ಗಾಳಿಯ ಕಣಗಳು ರಾತ್ರಿ ಮತ್ತೆ ಕೂಡಿಕೊಳ್ಳುವಾಗ ಹೊರಬರುವ ಬೆಳಕು ಇದು ಎಂದು ನನಗೆ ಹೇಳಿಕೊಟ್ಟವರು ನೀವೇ. ಇರುಳ ಹೊಳಪು ಎಂಬ ಹೆಸರೂ ನಿಮ್ಮದೇ. ಆದರೆ ನೀವು ಅದನ್ನು ಹೀಗೆ ನೋಡಿಲ್ಲ. ತೊಂಬತ್ತು ಕಿಲೋಮೀಟರ್ ಮೇಲೆ ಗಾಳಿಯ ಅಲೆಗಳು ಆ ಹೊಳಪನ್ನು ಪಟ್ಟೆಪಟ್ಟೆ ಮಾಡಿಕೊಂಡು ಹೋಗುತ್ತವೆ, ನೀರು ಇಳಿದ ಮೇಲೆ ಮರಳಿನಲ್ಲಿ ಉಳಿಯುವ ಗೆರೆಗಳ ಹಾಗೆ. ಮೊನ್ನೆ ಎಲ್ಲೋ ದೂರದಲ್ಲಿ ಗುಡುಗು. ಅಲ್ಲಿಂದ ಎದ್ದ ಅಲೆ ಉಂಗುರ ಉಂಗುರವಾಗಿ ನಮ್ಮ ನೆತ್ತಿಯ ಮೇಲೆ ಹರಡಿತು. ಚಳಿ ಮರೆತು ನೋಡುತ್ತ ಕೂತೆ.

ಇನ್ನೊಂದು ಸುದ್ದಿ. ಕಬ್ಬಿಣದ ಟ್ರಂಕಿನಲ್ಲಿ ನಿಮ್ಮ ಕಾಲದ ರೀಡಿಂಗ್ ಪುಸ್ತಕಗಳು ಸಿಕ್ಕಿವೆ, ಒಟ್ಟು ಮೂವತ್ತನಾಲ್ಕು. ಎಲ್ಲವನ್ನೂ ಕಂಪ್ಯೂಟರಿಗೆ ಏರಿಸು ಎಂದು ನನ್ನ ಗೈಡ್ ಮೇಡಂ ಹೇಳಿದ್ದಾರೆ. ಗಂಟೆಯೊಳಗೆ ಹಾದುಹೋಗುವ ಸಣ್ಣ ಅಲೆಗಳು ಕ್ಯಾಮೆರಾಕ್ಕೆ ಸಿಗುತ್ತವೆ. ದಿನಗಟ್ಟಲೆ ಏರಿ ಇಳಿಯುವ ದೊಡ್ಡ ಅಲೆಗಳಿಗೆ ವರ್ಷಗಟ್ಟಲೆ ಅಂಕಿಗಳು ಬೇಕು. ಅವು ನಿಮ್ಮ ಕೈಬರಹದಲ್ಲಿವೆ. ನನ್ನ ಥೀಸಿಸ್ಸಿನ ಅರ್ಧ ಭಾರ ಇನ್ನು ನಿಮ್ಮ ಹೆಗಲ ಮೇಲೆ.

ಮೂಗು ಕೆಂಪಾಗಿರುವ
ನಿಮ್ಮ ಗೂಬೆಮರಿ


ನವೆಂಬರ್ ೧೭

ಗೂಬೆಮರಿಗೆ,

ನಿನ್ನ ಕಾಗದವನ್ನು ಅಮ್ಮ ಎರಡು ಸಲ ಓದಿದಳು. ಎರಡನೇ ಸಲ ಜೋರಾಗಿ ಓದಿದಳು. ಕಿವಿ ಕೇಳದವನಿಗೆ ಕಾಗದವನ್ನೂ ಕೂಗಿ ಓದಬೇಕು ಎಂದು ಅವಳ ಲೆಕ್ಕ.

ನಾನು ಚೆನ್ನಾಗಿದ್ದೇನೆ. ಈ ವಾರ ನಾಲ್ಕು ಹೊಲಿಗೆ ಯಂತ್ರ ರಿಪೇರಿಗೆ ಬಂದಿವೆ. ಒಂದರಲ್ಲಿ ಎಣ್ಣೆಯ ಬದಲು ಜೇನುತುಪ್ಪ ಹಾಕಿದ್ದಾರೆ. ಯಾಕೆಂದು ಕೇಳಿದರೆ ಅದೂ ನುಣ್ಣಗೇ ಇರುತ್ತಲ್ಲ ಅನ್ನುತ್ತಾರೆ.

ಉಂಗುರದಂಥ ಅಲೆಯ ಬಗ್ಗೆ ಓದಿ ಹೊಟ್ಟೆಕಿಚ್ಚಾಯಿತು. ಇಪ್ಪತ್ತೆರಡು ವರ್ಷ ಆ ಬೆಳಕನ್ನು ನೋಡಿದೆ ಅಂದುಕೊಂಡಿದ್ದೆ. ನೋಡಿದ್ದು ಬರೀ ಮೀಟರಿನ ಸೂಜಿ.

ಹಳೆಯ ಪುಸ್ತಕಗಳ ಮೇಲೆ ಅಷ್ಟು ಭಾರ ಹಾಕಬೇಡ. ಕೈ ಮರಗಟ್ಟಿ ಏಳನ್ನು ಒಂದೆಂದು ಬರೆದ ರಾತ್ರಿಗಳು ಎಷ್ಟೋ. ನಿನ್ನ ಕ್ಯಾಮೆರಾ ಸಾಕು. ಅವನ್ನು ಇಲಿಗಳಿಗೆ ಬಿಡು.

ಗುಮ್ಮಟದ ಪಶ್ಚಿಮದ ಕಡೆ ಓಡಾಡಬೇಡ.

ಅಪ್ಪ


ಡಿಸೆಂಬರ್ ೯

ಅಪ್ಪಾ,

ಇಲಿಗಳಿಗೆ ಬಿಡಲಿಲ್ಲ. ಬಿಡದೇ ಇದ್ದದ್ದು ಒಳ್ಳೆಯದಾಯಿತೋ ಕೆಟ್ಟದಾಯಿತೋ ಗೊತ್ತಾಗುತ್ತಿಲ್ಲ.

ನಾನು ಹುಟ್ಟುವ ಹಿಂದಿನ ಚಳಿಗಾಲದ ಪುಸ್ತಕದಲ್ಲಿ ಒಂದು ದೊಡ್ಡ ಅಲೆ ಸಿಕ್ಕಿದೆ. ಒಂದು ರಾತ್ರಿ ಹೊಳಪು ಹೆಚ್ಚು, ಮರುರಾತ್ರಿ ಕಡಿಮೆ, ಮತ್ತೆ ಹೆಚ್ಚು. ಜನವರಿ ಒಂಬತ್ತರಿಂದ ಇಪ್ಪತ್ತೇಳರವರೆಗೆ, ಸಾಲಾಗಿ ಹತ್ತೊಂಬತ್ತು ರಾತ್ರಿ. ಎರಡು ದಿನದ ಅಲೆ ಎನ್ನುತ್ತೇವೆ. ಬೇಸಿಗೆಯಲ್ಲಿ ಅದು ಸಾಮಾನ್ಯ. ಚಳಿಗಾಲದಲ್ಲಿ ಇಷ್ಟು ಜೋರಾಗಿ ಕಂಡದ್ದನ್ನು ನಾನೆಲ್ಲೂ ಓದಿಲ್ಲ.

ಬಂಡೆ ಹತ್ತಿ ಮೇಡಂಗೆ ಫೋನ್ ಮಾಡಿದೆ. ಅವರು ಸುಲಭಕ್ಕೆ ಹೊಗಳುವವರಲ್ಲ.

"ಇನ್ನೊಂದ್ ಸಲ ಹೇಳು," ಅಂದರು. ಹೇಳಿದೆ.

"ಏಪ್ರಿಲ್ ಸಮ್ಮೇಳನಕ್ಕೆ ಇದನ್ನೇ ಕಳಿಸೋಣ. ನಿಮ್ಮಪ್ಪನ್ನ ಕರ್ಕೊಂಡ್ ಬಾ, ವೇದಿಕೆ ಮೇಲೇ ಕೂರಿಸೋಣ."

ಆ ರಾತ್ರಿ ನಿದ್ದೆ ಬರಲಿಲ್ಲ. ಖುಷಿಗೆ ಅಂದುಕೊಂಡೆ. ಎದ್ದು ಕೂತು ಇಡೀ ಪುಸ್ತಕವನ್ನು ಮತ್ತೆ ತಾಳೆ ನೋಡಿದೆ. ಒಂದು ಕಡೆ ಕಣ್ಣು ನಿಂತಿತು.

ಮುಚ್ಚಳ ಹಾಕಿ ತೆಗೆಯುವ ರೀಡಿಂಗು ನೆನಪಿದೆಯಲ್ಲ? ಬೆಳಕೇ ಬೀಳದಿದ್ದಾಗಲೂ ಸೂಜಿ ಒಂದಿಷ್ಟು ತೋರಿಸುತ್ತದೆ, ಅದನ್ನು ಕಳೆದ ಮೇಲೇ ನಿಜವಾದ ಅಂಕಿ. ಚಳಿ ಹೆಚ್ಚಿದರೆ ಅದು ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. ಆ ಪುಸ್ತಕದಲ್ಲಿ ಒಂದು ರಾತ್ರಿ ಒಂಬತ್ತಿದ್ದರೆ ಮತ್ತೊಂದು ರಾತ್ರಿ ಹದಿನೇಳಿದೆ. ಆ ಹತ್ತೊಂಬತ್ತು ರಾತ್ರಿ ಮಾತ್ರ ಹದಿನಾಲ್ಕು. ಎಲ್ಲ ರಾತ್ರಿಯೂ ಹದಿನಾಲ್ಕು.

ಯಾಕಪ್ಪಾ?

ನಿಮ್ಮ ಮಗಳು


ಡಿಸೆಂಬರ್ ೨೦

ಮಗಳಿಗೆ,

ಸೂಜಿ ಎಲ್ಲೋ ಸಿಕ್ಕಿಕೊಂಡಿರಬೇಕು. ಹಳೇ ಮೀಟರು, ಹಾಗೆಲ್ಲ ಆಗುತ್ತಿತ್ತು. ಮೂವತ್ತೊಂದು ವರ್ಷದ ಹಿಂದಿನದು ಈಗ ಯಾರಿಗೆ ನೆನಪಿರುತ್ತದೆ?

ಅಮ್ಮ ಸ್ವೆಟರ್ ಕಳಿಸುತ್ತಿದ್ದಾಳೆ. ಸಮ್ಮೇಳನಕ್ಕೆ ನಾನು ಬರುವುದಿಲ್ಲ. ಕೇಳಿಸದವನು ವೇದಿಕೆಯ ಮೇಲೆ ಕೂತು ಏನು ಮಾಡಲಿ?

ಅಪ್ಪ


ಜನವರಿ ೪

ಅಪ್ಪಾ,

ಸೂಜಿ ಸಿಕ್ಕಿಕೊಂಡಿದ್ದರೆ ಎಲ್ಲ ರೀಡಿಂಗಿಗೂ ಸಿಕ್ಕಿಕೊಳ್ಳಬೇಕಿತ್ತು. ಮುಚ್ಚಳ ತೆಗೆದಾಗ ಚೆನ್ನಾಗಿ ಓಡಾಡಿದ ಸೂಜಿ ಮುಚ್ಚಳ ಹಾಕಿದಾಗ ಮಾತ್ರ ಹತ್ತೊಂಬತ್ತು ರಾತ್ರಿಯೂ ಒಂದೇ ಕಡೆ ನಿಲ್ಲುವುದಿಲ್ಲ. ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಮೊನ್ನೆ ಒಂದು ಕೆಲಸ ಮಾಡಿದೆ. ಆಕಾಶ ನೋಡದೆ, ಮೀಟರು ಮುಟ್ಟದೆ, ಮನಸ್ಸಿಗೆ ಬಂದ ಹಾಗೆ ಹತ್ತೊಂಬತ್ತು ರಾತ್ರಿಯ ಅಂಕಿ ಬರೆದೆ. ನಿನ್ನೆ ಹೆಚ್ಚು ಬರೆದೆನಲ್ಲ, ಇವತ್ತು ಸ್ವಲ್ಪ ಕಡಿಮೆ ಇರಲಿ. ಇವತ್ತು ಕಡಿಮೆಯಾಯಿತು, ನಾಳೆ ಹೆಚ್ಚಿಸೋಣ. ಜೀಪಿನ ಡ್ರೈವರಿಗೂ ಬರೆಸಿದೆ. "ಇದ್ಯಾವ್ ಪರೀಕ್ಷೆ ಮೇಡಂ, ಫೇಲ್ ಆದ್ರೆ ಕೆಲ್ಸ ಹೋಗುತ್ತಾ?" ಎಂದು ಹೆದರಿಕೊಂಡೇ ಬರೆದ. ಎರಡನ್ನೂ ಕಂಪ್ಯೂಟರಿಗೆ ಕೊಟ್ಟೆ. ಎರಡರಲ್ಲೂ ಎರಡು ದಿನದ ಅಲೆ ಬಂತು, ಅಪ್ಪಾ. ನಿಮ್ಮ ಪುಸ್ತಕದಲ್ಲಿ ಬಂದ ಹಾಗೇ.

ನನಗೇನೂ ಕೇಳಬೇಕಾಗಿಲ್ಲ. ಮೇಡಂ ಫೆಬ್ರವರಿ ಕೊನೆಗೆ ಲೇಖನ ಕಳಿಸಬೇಕು ಎನ್ನುತ್ತಿದ್ದಾರೆ. ನೀವು ಒಂದು ಉಪಕಾರ ಮಾಡಿ. ಆ ದಿನಗಳಲ್ಲಿ ಮೀಟರು ಕೆಟ್ಟಿತ್ತು ಎಂದು ಎರಡು ಸಾಲು ಬರೆದು ಸಹಿ ಹಾಕಿ. ಉಪಕರಣ ದೋಷ ಎಂದು ಕಾರಣ ಕೊಟ್ಟು ಅಷ್ಟೂ ರಾತ್ರಿಯನ್ನು ತೆಗೆದುಹಾಕುತ್ತೇನೆ. ಯಾರೂ ಮರುಪ್ರಶ್ನೆ ಮಾಡುವುದಿಲ್ಲ. ನಾನೂ ಮಾಡುವುದಿಲ್ಲ.

ನಿಮ್ಮ ಮಗಳು


ಜನವರಿ ೧೫

ಜನವರಿ ೯ರಿಂದ ೨೭ರವರೆಗೆ ಮೀಟರಿನ ಸೂಜಿ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ.

ಸಹಿ ಹಾಕಿದ್ದೇನೆ. ಕೆಲಸ ಮುಗಿಸಿಕೊ.

ಅಪ್ಪ


ಜನವರಿ ೨೪

ಅಮ್ಮಾ,

ಇದನ್ನು ನೀನೊಬ್ಬಳೇ ಓದು. ಜೋರಾಗಿ ಓದಬೇಡ.

ಅಪ್ಪನಿಂದ ಎರಡು ಸಾಲು ಬಂದಿವೆ. ನಾನು ಕೇಳಿದ್ದನ್ನೇ ಕಳಿಸಿದ್ದಾರೆ. ಸುಳ್ಳು ಬರೆಯಿರಿ ಎಂದು ಕೇಳಿದವಳು ನಾನು, ಬರೆದುಕೊಟ್ಟವರು ಅವರು. ನಾಲ್ಕು ದಿನದಿಂದ ಅದು ಮೇಜಿನ ಮೇಲಿದೆ. ಮೇಡಂಗೆ ಕಳಿಸಲು ಕೈ ಬರುತ್ತಿಲ್ಲ.

ಜನವರಿ ಎಂಟರವರೆಗೆ ಆ ಪುಸ್ತಕದಲ್ಲಿ ಇಬ್ಬರ ಕೈಬರಹವಿದೆ. ಒಂದು ವಾರ ಅಪ್ಪನದು, ಒಂದು ವಾರ ಇನ್ನೊಬ್ಬರದು. ಒಂಬತ್ತರಿಂದ ಬರೀ ಅಪ್ಪನದು. ಆ ಇನ್ನೊಬ್ಬರು ಮತ್ತೆ ಬರೆದೇ ಇಲ್ಲ. ಎಂಟಕ್ಕೂ ಒಂಬತ್ತಕ್ಕೂ ನಡುವೆ ಒಂದು ಹಾಳೆ ಹರಿದಿದೆ. ಹೊಲಿಗೆಯ ಹತ್ತಿರ ಬೆರಳಗಲದ ಚೂರು ಉಳಿದಿದೆ.

ಅವರು ಯಾರಮ್ಮಾ? ಜನವರಿ ಒಂಬತ್ತರಂದು ಏನಾಯಿತು?

ನಿನ್ನ ಮಗಳು


ಫೆಬ್ರವರಿ ೩

ಮಗಳೇ,

ನಿಮ್ಮಪ್ಪ ಮುಂದಿನ ಕೋಣೆಯಲ್ಲಿ ಯಂತ್ರ ಬಿಚ್ಚಿಕೊಂಡು ಕೂತಿದ್ದಾರೆ. ನಾನು ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಮೂರು ಕಾಗದ ಹರಿದೆ. ಇದು ನಾಲ್ಕನೆಯದು.

ಅವರನ್ನು ಎಲ್ಲರೂ ಉದ್ದಣ್ಣ ಅನ್ನುತ್ತಿದ್ದರು. ಬಾಗಿಲಲ್ಲೆಲ್ಲ ಬಗ್ಗಿಯೇ ಬರಬೇಕಿತ್ತು, ಅಷ್ಟು ಎತ್ತರ. ನಿಮ್ಮಪ್ಪನಿಗಿಂತ ಆರು ವರ್ಷ ದೊಡ್ಡವರು, ಕೆಲಸ ಕಲಿಸಿದವರು. ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಬೆಟ್ಟದ ಮೇಲೆ ನಾವಿಬ್ಬರೇ ಹೆಂಗಸರು. ನೀನು ಹೊಟ್ಟೆಯಲ್ಲಿದ್ದಾಗ ನನಗೆ ಏನು ತಿಂದರೂ ವಾಂತಿ. ಗಂಜಿ ಮಾಡಿಕೊಂಡು ಬಂದು ಚಮಚದಲ್ಲಿ ಕುಡಿಸುತ್ತಿದ್ದವಳು ಅವಳು.

ಆ ರಾತ್ರಿ ಡ್ಯೂಟಿ ನಿಮ್ಮಪ್ಪನದು. ಅವರಿಗೆ ವಿಪರೀತ ಹಲ್ಲುನೋವು, ಒಂದು ಕೆನ್ನೆ ಊದಿಕೊಂಡಿತ್ತು. ಸಂಜೆ ಉದ್ದಣ್ಣ ಬಾಗಿಲಲ್ಲಿ ಬಗ್ಗಿ ನೋಡಿ, "ಏನೋ, ಕೆನ್ನೇಲಿ ಲಾಡು ಇಟ್ಕೊಂಡಿದೀಯ? ಮಲ್ಕೋ ಹೋಗು, ನಾನ್ ನೋಡ್ಕೊತೀನಿ," ಅಂದರು. ನನ್ನ ಕಿವಿಯಾರೆ ಕೇಳಿದ್ದೇನೆ. ನಿಮ್ಮಪ್ಪ ಬೆಳಗಿನವರೆಗೂ ನನ್ನ ಪಕ್ಕದಲ್ಲೇ ಇದ್ದರು.

ಬೆಳಗ್ಗೆ ಗುಮ್ಮಟದ ಪಶ್ಚಿಮದ ಕಡೆ, ಕೆಳಗೆ ಬಂಡೆಯ ಮೇಲೆ ಉದ್ದಣ್ಣ ಸಿಕ್ಕರು.

ರಿಜಿಸ್ಟರಿನಲ್ಲಿ ಡ್ಯೂಟಿ ನಿಮ್ಮಪ್ಪನ ಹೆಸರಿಗಿತ್ತು. ಹೇಳದೆ ಕೇಳದೆ ಪಾಳಿ ಬದಲಾಯಿಸಿದರೆ ಆಗ ಸೀದಾ ಮನೆಗೆ ಕಳಿಸುತ್ತಿದ್ದರು. ನಿಮ್ಮಪ್ಪ, ನಾನೇ ಮೇಲಿದ್ದೆ, ಅವನು ಯಾಕೆ ಹೊರಗೆ ಬಂದನೋ ತಿಳಿಯದು ಅಂದುಬಿಟ್ಟರು. ನನಗೆ, "ನೀನ್ ಸುಮ್ನಿರು," ಅಂದರು. ನಾನು ಸುಮ್ಮನಿದ್ದೆ. ಆಮೇಲೆ ಉದ್ದಣ್ಣ ಕುಡಿದು ಬಿದ್ದ ಅಂತ ಕಾಗದದಲ್ಲಿ ಬರೆದರು. ಆಗಲೂ ಸುಮ್ಮನಿದ್ದೆ.

ಲಾರಿ ಹತ್ತುವಾಗ ಅಕ್ಕ ಮಗಳನ್ನು ಸೊಂಟದ ಮೇಲಿಟ್ಟುಕೊಂಡು ನನ್ನ ಹತ್ತಿರ ಬಂದಳು. "ನಿಂಗೇನಾದ್ರೂ ಗೊತ್ತಾ?" ಅಂತ ಕೇಳಿದಳು. "ಇಲ್ಲ ಅಕ್ಕ," ಅಂದೆ.

ಹಾಳೆಯ ವಿಷಯ ನನಗೆ ಗೊತ್ತಿಲ್ಲ. ಇದು ನಿಜವಾಗಿಯೂ ಗೊತ್ತಿಲ್ಲ.

ಅಮ್ಮ


ಫೆಬ್ರವರಿ ೧೧

ಅಪ್ಪಾ,

ಅಮ್ಮ ಎಲ್ಲ ಬರೆದಿದ್ದಾಳೆ. ಅವಳ ಮೇಲೆ ಸಿಟ್ಟು ಮಾಡಬೇಡಿ. ಮಾಡುವ ಹಕ್ಕೂ ನಿಮಗಿಲ್ಲ.

ನಿನ್ನೆ ಹಗಲು ಪಶ್ಚಿಮದ ಕಡೆ ಹೋಗಿ ನಿಂತೆ. ಈಗ ಅಲ್ಲಿ ಕಬ್ಬಿಣದ ಕಂಬಿ ಹಾಕಿದ್ದಾರೆ. ಅದನ್ನು ಹಿಡಿದುಕೊಂಡೇ ಕೆಳಗೆ ನೋಡಿದೆ. ಕಂಬಿ ಇಲ್ಲದ ಕಾಲದಲ್ಲಿ, ಕತ್ತಲಲ್ಲಿ, ಕುಡಿಯದ ಮನುಷ್ಯನೂ ಅಲ್ಲಿ ಬೀಳಬಹುದು. ಇದು ನಿಮಗೆ ಮೊದಲ ದಿನವೇ ಗೊತ್ತಿತ್ತು.

ನಿಮ್ಮ ಎರಡು ಸಾಲನ್ನು ಕಳಿಸುವುದಿಲ್ಲ, ಇದರ ಜೊತೆ ವಾಪಸು ಇಟ್ಟಿದ್ದೇನೆ. ನಾನು ಅದನ್ನು ಕೇಳಬಾರದಿತ್ತು. ಲೇಖನಕ್ಕೆ ಇನ್ನು ಹದಿನೇಳು ದಿನವಿದೆ. ಅಷ್ಟರೊಳಗೆ ನಿಮ್ಮಿಂದ ಏನೂ ಬರದಿದ್ದರೆ ಮೇಡಂಗೆ ನನಗೆ ತಿಳಿದಷ್ಟನ್ನು ನಾನೇ ಹೇಳುತ್ತೇನೆ. ಹೆದರಿಸುತ್ತಿಲ್ಲ. ಮೊದಲು ನೀವು ಹೇಳಲಿ ಎಂಬ ಆಸೆ, ಅಷ್ಟೇ.

ಹರಿದ ಹಾಳೆಯಲ್ಲಿ ಏನಿತ್ತು?

ನಿಮ್ಮ ಮಗಳು


ಫೆಬ್ರವರಿ ೨೩

ಮಗಳೇ,

ಹಾಳೆ ಇದರ ಜೊತೆಗಿದೆ. ಜೋಪಾನ, ಮಡಿಕೆಯಲ್ಲಿ ಹರಿಯುವಂತಾಗಿದೆ.

ಅವತ್ತು ಬೆಳಗ್ಗೆ ಆರು ಗಂಟೆಗೆ ಎದ್ದೆ. ಹಲ್ಲುನೋವು ಇಳಿದಿತ್ತು. ಉದ್ದಣ್ಣನಿಗೆ ಬಿಸಿ ಚಹಾ ತೆಗೆದುಕೊಂಡು ಹೋದೆ. ಗುಮ್ಮಟದ ಬಾಗಿಲು ತೆರೆದೇ ಇತ್ತು, ಕೆಂಪು ದೀಪ ಉರಿಯುತ್ತಿತ್ತು, ಪುಸ್ತಕ ಬಿಚ್ಚಿತ್ತು. ಐದು ರೀಡಿಂಗ್ ಬರೆದಿದ್ದ. ಹತ್ತು ಗಂಟೆಯದೇ ಕೊನೆ. ಅದರ ಮುಂದೆ ಷರಾ ಬರೆದಿದ್ದ: ಗಾಜಿನ ಮೇಲೆ ಮಂಜು ಕೂತಿದೆ, ಒರೆಸಿ ಬರುತ್ತೇನೆ.

ಹೊರಗೆ ಬಂದು ಕೂಗಿದೆ. ಗಾಜು ಒರೆಸಬೇಕಾದರೆ ಪಶ್ಚಿಮದ ಅಂಚಿನ ಮೇಲೆ ನಿಲ್ಲಬೇಕಿತ್ತು. ಎರಡು ಗೇಣು ಅಗಲ. ಅಲ್ಲಿಂದ ಬಗ್ಗಿ ನೋಡಿದೆ. ಕೆಳಗಿದ್ದ. ಇಳಿದು ಹೋಗಿ ಮುಟ್ಟಿದೆ. ಯಾವಾಗಲೋ ತಣ್ಣಗಾಗಿದ್ದ. ಕೈಯಲ್ಲಿ ಬಟ್ಟೆ ಹಾಗೇ ಇತ್ತು.

ಸಾಹೇಬರನ್ನು ಕರೆಯಲು ಓಡಿದೆ ಎಂದು ಬರೆದರೆ ಅದು ಸುಳ್ಳು. ಮೊದಲು ಗುಮ್ಮಟಕ್ಕೆ ವಾಪಸು ಹೋದೆ. ಹಾಳೆ ಹರಿದು ಅಂಗಿಯ ಒಳಗಿಟ್ಟುಕೊಂಡೆ. ಹೊಸ ಹಾಳೆಯಲ್ಲಿ ನನ್ನ ಕೈಯಿಂದ ರಾತ್ರಿಯ ರೀಡಿಂಗನ್ನೆಲ್ಲ ಬರೆದೆ. ಮುಚ್ಚಳದ್ದು ಹದಿನಾಲ್ಕು ಅಂತ ಹಾಕಿದೆ, ಆ ಹೊತ್ತಿಗೆ ತಲೆಗೆ ಬಂದದ್ದು ಅದು. ಆಮೇಲೆ ಹೋಗಿ ಸಾಹೇಬರ ಬಾಗಿಲು ಬಡಿದೆ. ಅವನ ಕೈಯಲ್ಲಿದ್ದ ಬಟ್ಟೆಯನ್ನೂ ಅದಕ್ಕೆ ಮುಂಚೆ ತೆಗೆದಿದ್ದೆ. ಇದನ್ನು ನಿಮ್ಮಮ್ಮನಿಗೂ ಹೇಳಿಲ್ಲ.

ಸಾಹೇಬರು ಕೇಳಿದರು, "ಕುಡಿದಿದ್ನಾ?"

ನಾನು, "ಗೊತ್ತಿಲ್ಲ ಸಾರ್," ಅಂದೆ.

ಇಲ್ಲ ಅನ್ನಬಹುದಿತ್ತು. ಅವನು ಕುಡಿಯುತ್ತಲೇ ಇರಲಿಲ್ಲ. ಇಲ್ಲ ಅಂದರೆ, ಮತ್ತೆ ಅಲ್ಲಿ ಯಾಕೆ ಹೋದ ಎಂದು ಕೇಳುತ್ತಾರೆ. ಅದಕ್ಕೆ ಗೊತ್ತಿಲ್ಲ ಅಂದೆ. ಅವರು ಹೂಂ ಅಂತ ತಲೆಯಾಡಿಸಿ ಬರೆದುಕೊಂಡರು.

ಮರುದಿನದಿಂದ ಎರಡೂ ಪಾಳಿ ನನ್ನ ಮೇಲೆ ಬಿತ್ತು. ದಿನಾ ಸಂಜೆ ಗುಮ್ಮಟದ ಮೆಟ್ಟಿಲವರೆಗೆ ಹೋಗುತ್ತಿದ್ದೆ. ಬಾಗಿಲು ದಾಟಲು ಆಗುತ್ತಿರಲಿಲ್ಲ. ಕೆಳಗೆ ಉಗ್ರಾಣದಲ್ಲಿ ಕೂತು ಅಂಕಿ ಬರೆದು ಬೆಳಗ್ಗೆ ಮನೆಗೆ ಬರುತ್ತಿದ್ದೆ. ಹತ್ತೊಂಬತ್ತನೇ ರಾತ್ರಿ ಮುಗಿದ ಮೇಲೆ ಕಂಬಿ ಹಾಕಲು ಜನ ಬಂದರು. ಅವರ ಜೊತೆ ಒಳಗೆ ಹೋದೆ. ಆಮೇಲೆ ಹೋಗುವುದು ಅಭ್ಯಾಸವಾಯಿತು.

ಯಾಕೆ ಹಾಳೆಯನ್ನು ಸುಡಲಿಲ್ಲ ಎಂದು ನೀನು ಕೇಳಬಹುದು. ಎರಡು ಸಲ ಒಲೆಯವರೆಗೆ ತೆಗೆದುಕೊಂಡು ಹೋದೆ. ಆಗಲಿಲ್ಲ.

ಇದನ್ನು ಯಾರಿಗೆ ಕೊಡಬೇಕೋ ಕೊಡು. ಕಚೇರಿಗೂ ಒಂದು ಕಾಗದ ಬರೆದು ನಿನ್ನೆ ರಿಜಿಸ್ಟರ್ ಮಾಡಿ ಹಾಕಿದ್ದೇನೆ. ನಿನಗೆ ಬರೆದದ್ದನ್ನೆಲ್ಲ ಅದರಲ್ಲೂ ಬರೆದಿದ್ದೇನೆ.

ಅಪ್ಪ ಎಂದು ಸಹಿ ಹಾಕಲು ನಾಚಿಕೆಯಾಗುತ್ತಿದೆ. ಆದರೂ ಹಾಕುತ್ತಿದ್ದೇನೆ.

ಅಪ್ಪ


ಮಾರ್ಚ್ ೧೩

ಅಪ್ಪಾ,

ಹಾಳೆ ಬಂದ ದಿನ ಕ್ಯಾಮೆರಾ ಹಾಕಲಿಲ್ಲ. ಆಕಾಶ ಶುಭ್ರವಾಗಿತ್ತು, ಆದರೂ ಹಾಕಲಿಲ್ಲ.

ಮರುದಿನ ವಾಪಸು ಹೊರಟ ಜೀಪಿನಲ್ಲಿ ಕೆಳಗಿಳಿದು ಮೇಡಂ ಮುಂದೆ ಎಲ್ಲ ಇಟ್ಟೆ. ಅವರು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಲೇಖನ ಹೋಯ್ತು," ಅಂದರು.

"ಹೌದು ಮೇಡಂ."

"ನಿನ್ ಒಂದು ವರ್ಷಾನೂ ಹೋಯ್ತು."

"ಹೌದು."

"ಈ ಹದಿನಾಲ್ಕು ಬೇರೆ ಯಾರ ಕಣ್ಣಿಗಾದ್ರೂ ಬೀಳ್ತಿತ್ತಾ?"

ಬೀಳುತ್ತಿರಲಿಲ್ಲ ಅಂದೆ. ಉಳಿದ ಮೂವತ್ತಮೂರು ಪುಸ್ತಕಗಳನ್ನೂ ಮೊದಲಿನಿಂದ ತಾಳೆ ನೋಡು ಅಂದರು. ನೋಡುತ್ತಿದ್ದೇನೆ. ಇಲ್ಲಿಯವರೆಗೆ ಹನ್ನೊಂದಾಗಿದೆ, ಎಲ್ಲ ಸರಿಯಿದೆ. ಪ್ರತಿ ಪುಸ್ತಕ ತೆರೆದಾಗಲೂ ಮೊದಲು ಮುಚ್ಚಳದ ಅಂಕಿಯನ್ನೇ ಹುಡುಕುತ್ತೇನೆ, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಹಾಳೆಯ ಒಂದು ನಕಲನ್ನು ಪುಸ್ತಕದೊಳಗೆ ಇಟ್ಟಿದ್ದೇನೆ, ಇನ್ನೊಂದು ಕಚೇರಿಗೆ ಹೋಗಿದೆ. ಅಸಲು ನಿಮಗೆ ವಾಪಸು ಕಳಿಸುತ್ತಿದ್ದೇನೆ. ಅದು ನಮ್ಮದಲ್ಲ. ಟಪಾಲಿಗೆ ಹಾಕಬೇಡಿ, ಉದ್ದಣ್ಣನ ಮನೆಯವರಿಗೆ ನೀವೇ ಹೋಗಿ ಕೊಡಿ. ವಿಳಾಸವನ್ನು ಅಮ್ಮ ಹುಡುಕುತ್ತಿದ್ದಾಳಂತೆ.

ನಿಮ್ಮ ಮಗಳು


ಏಪ್ರಿಲ್ ೫

ಮಗಳೇ,

ಹೋಗಿ ಬಂದೆ. ಬಸ್ಸಿನಲ್ಲಿ ಒಂಬತ್ತು ಗಂಟೆ. ನಿಮ್ಮಮ್ಮನೂ ಹೊರಟಳು. ಉದ್ದಣ್ಣನ ಹೆಂಡತಿಯ ಅಂಗಡಿಯ ಎದುರಿನ ಫುಟ್‌ಪಾತಿನವರೆಗೆ ಬಂದವಳು ಅಲ್ಲೇ ನಿಂತುಬಿಟ್ಟಳು.

ಅವರನ್ನು ನಾನು ಆಗ ಅತ್ತಿಗೆ ಅನ್ನುತ್ತಿದ್ದೆ. ಈಗ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದಾರೆ. ತಲೆ ಪೂರ್ತಿ ಬೆಳ್ಳಗಾಗಿದೆ. ಅಂಗಿ ಉಜ್ಜುತ್ತಿದ್ದರು. ನನ್ನನ್ನು ನೋಡಿ ಒಂದು ಕ್ಷಣ ಕೈ ನಿಂತಿತು.

"ಬೆಟ್ಟದವನಲ್ವಾ ನೀನು? ಮುದುಕ ಆಗಿದೀಯ."

ಕಿವಿಯನ್ನು ಅವರ ಕಡೆ ಚಾಚಿ ಹೂಂ ಅಂದೆ. ಹಾಳೆಯನ್ನು ಇಸ್ತ್ರಿ ಮೇಜಿನ ಮೇಲಿಟ್ಟೆ. ಅವರು ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಬಗ್ಗಿ ಓದಿದರು.

"ಇದು ಅವರ ಅಕ್ಷರ."

"ಹೌದು ಅತ್ತಿಗೆ."

"ಎಲ್ಲಿತ್ತು?"

"ನನ್ನ ಹತ್ರ."

"ಎಷ್ಟ್ ದಿನದಿಂದ?"

"ಅವತ್ತಿನಿಂದ."

ಆಮೇಲೆ ಎಲ್ಲ ಹೇಳಿದೆ. ಹಲ್ಲುನೋವು, ಬಟ್ಟೆ, ಗೊತ್ತಿಲ್ಲ ಸಾರ್ ಅಂದದ್ದು, ಎಲ್ಲ. ಅಷ್ಟರಲ್ಲಿ ಒಬ್ಬ ಗಿರಾಕಿ ಬಂದ. ನಗುನಗುತ್ತ ಅವನ ಬಟ್ಟೆ ಕಟ್ಟಿ ಕೊಟ್ಟು ಕಳಿಸಿದರು. ಅವನು ಹೋದ ಮೇಲೆ ಆ ನಗು ಮುಖದ ಮೇಲೆ ಎಲ್ಲೂ ಇರಲಿಲ್ಲ.

"ನನ್ ಮಗಳನ್ನ ನೋಡೋಕ್ ಬಂದೋರು ಕೇಳಿದ್ರು, ಅಪ್ಪ ಕುಡೀತಿದ್ರಂತೆ, ಹೌದಾ ಅಂತ. ಅವಳು ಹೌದು ಅಂದ್ಲು. ನನ್ ಮಗಳೇ, ಅವಳ ಬಾಯಿಂದಾನೇ ಹೌದು ಅಂದ್ಲು. ಗೊತ್ತಾ ನಿಂಗೆ?"

ಪೆಟ್ಟಿಗೆಯನ್ನು ಮತ್ತೆ ಕೈಗೆ ತೆಗೆದುಕೊಂಡರು.

"ಕೂತ್ಕೊ ಅನ್ನಲ್ಲ," ಅಂದರು.

"ಬೇಡ ಅತ್ತಿಗೆ."

"ಕ್ಷಮಿಸ್ದೆ ಅಂತಾನೂ ಅನ್ನಲ್ಲ. ಹೋಗು. ಹೆಂಡ್ತೀನ ಬಿಸಿಲಲ್ಲಿ ನಿಲ್ಲಿಸಿದೀಯ, ಅವಳನ್ನೂ ಕರ್ಕೊಂಡ್ ಹೋಗು."

ಹೊರಗೆ ಬಂದೆ. ಎದುರಿಗಿದ್ದ ನಿಮ್ಮಮ್ಮ ಸನ್ನೆ ಮಾಡಿದಳು, ಅವರು ಹಿಂದಿನಿಂದ ಕರೆಯುತ್ತಿದ್ದರು. ತಿರುಗಿದೆ. "ನಿನ್ ಮಗಳ ವಿಳಾಸ ಬರ್ದು ಕೊಡು," ಅಂದರು. ಬರೆದುಕೊಟ್ಟೆ.

ಕಚೇರಿಯಿಂದ ವಿಚಾರಣೆಗೆ ಕರೆದಿದ್ದಾರೆ. ಹೋಗುತ್ತೇನೆ.

ಅಪ್ಪ


ಏಪ್ರಿಲ್ ೧೮

ಆಕಾಶ ನೋಡುವ ಹುಡುಗಿಗೆ,

ನಿನ್ನನ್ನು ನಾನು ನೋಡಿಲ್ಲ. ನೀನು ಹೊಟ್ಟೆಯಲ್ಲಿದ್ದಾಗ ನಿಮ್ಮಮ್ಮನಿಗೆ ಗಂಜಿ ಕುಡಿಸಿದ್ದೆ, ಅಷ್ಟು ಪರಿಚಯ.

ನಿಮ್ಮಪ್ಪನ ಮೇಲಿನ ಸಿಟ್ಟಿನಲ್ಲಿ ಬರೆಯುತ್ತಿಲ್ಲ. ಆ ಸಿಟ್ಟು ನನ್ನ ಹತ್ತಿರವೇ ಇರಲಿ. ಕಚೇರಿಯವರು ಬಂದಿದ್ದರು. ಡ್ಯೂಟಿಯಲ್ಲಿದ್ದಾಗ ಸತ್ತದ್ದು ಎಂದು ತಿದ್ದಿ ಬರೆಯುತ್ತಾರಂತೆ. ಆ ಕಾಗದ ಬರಲಿ, ಬಂದಾಗ ನೋಡೋಣ. ಹಾಳೆಯನ್ನು ನನ್ನ ಮಗಳಿಗೆ ತೋರಿಸಿದೆ. ಅವಳು ಅದನ್ನು ಕೈಯಲ್ಲಿ ಹಿಡಿದುಕೊಂಡು ಒಂದು ಮಧ್ಯಾಹ್ನ ಪೂರ್ತಿ ಕೂತಿದ್ದಳು.

ಕೇಳಬೇಕಾದದ್ದು ಒಂದಿದೆ. ಪಾಳಿ ಮುಗಿಸಿ ಬೆಳಗ್ಗೆ ಬಂದವರು ಒಲೆಯ ಮುಂದೆ ಕೈ ಕಾಯಿಸುತ್ತ, ನಾನು ಕೇಳುವ ಮೊದಲೇ ಹೇಳುತ್ತಿದ್ದರು. ಇವತ್ತು ಮೇಲೆ ಮಂಕು. ಇಲ್ಲವೇ, ಇವತ್ತು ಮೇಲೆ ಜೋರು. ಒಂದೇ ಮಾತು. ನನಗೆ ಅದೇನೂ ಅರ್ಥವಾಗುತ್ತಿರಲಿಲ್ಲ. ಹೂಂ ಅನ್ನುತ್ತಿದ್ದೆ. ಅವತ್ತಿನದು ಹೇಳಲಿಲ್ಲ.

ಹಾಳೆಯಲ್ಲಿ ಬರೀ ಅಂಕಿ ಇವೆ. ನಿನಗೆ ಓದಲು ಬರುತ್ತದಲ್ಲ. ಅವತ್ತು ಮೇಲೆ ಹೇಗಿತ್ತು?

ಉದ್ದಣ್ಣನ ಹೆಂಡತಿ


ಏಪ್ರಿಲ್ ೨೮

ದೊಡ್ಡಮ್ಮಾ,

ಅಮ್ಮ ನಿಮ್ಮನ್ನು ಅಕ್ಕ ಅನ್ನುತ್ತಿದ್ದಳು, ಅದಕ್ಕೇ ಹೀಗೆ ಬರೆದೆ. ಬೇಡವೆಂದರೆ ಮುಂದಿನ ಸಲ ಬರೆಯುವುದಿಲ್ಲ.

ಆ ಹಾಳೆಯನ್ನು ಎಷ್ಟು ಸಲ ಓದಿದ್ದೇನೆಂದರೆ ಈಗ ಕಣ್ಣು ಮುಚ್ಚಿಯೂ ಹೇಳಬಲ್ಲೆ. ಏಳೂಮುಕ್ಕಾಲಿಗೆ ಬಂದು ದೊಡ್ಡಪ್ಪ ಮುಚ್ಚಳ ಹಾಕಿ ಮೀಟರು ಪರೀಕ್ಷೆ ಮಾಡಿದ್ದಾರೆ. ಹನ್ನೊಂದು ಬಂದಿದೆ, ಅಂದರೆ ಚಳಿ ಜೋರಾಗಿತ್ತು. ಆಕಾಶ ಎಂಬ ಕಡೆ ಶುಭ್ರ ಎಂದು ಬರೆದಿದ್ದಾರೆ. ಎಂಟು ಗಂಟೆಗೆ ನಲವತ್ತೊಂದು. ಎಂಟೂವರೆಗೆ ನಲವತ್ತನಾಲ್ಕು. ಒಂಬತ್ತಕ್ಕೂ ನಲವತ್ತನಾಲ್ಕು. ಇದು ಸಾಧಾರಣ ರಾತ್ರಿಯ ಹೊಳಪು.

ಒಂಬತ್ತೂವರೆಗೆ ಐವತ್ತೆಂಟು. ಅರ್ಧ ಗಂಟೆಯಲ್ಲಿ ಅಷ್ಟು ಏರಿದ್ದನ್ನು ಅವರು ಸುಮ್ಮನೆ ನಂಬಲಿಲ್ಲ. ಮತ್ತೆ ಮುಚ್ಚಳ ಹಾಕಿ ನೋಡಿದ್ದಾರೆ, ಹನ್ನೊಂದೇ ಬಂದಿದೆ. ಮುಚ್ಚಳ ತೆಗೆದು ಮತ್ತೆ ಅಳೆದಿದ್ದಾರೆ, ಐವತ್ತೆಂಟೇ ಬಂದಿದೆ. ಎರಡು ಸಲ ಬರೆದು ಅಡಿಯಲ್ಲಿ ಗೆರೆ ಎಳೆದಿದ್ದಾರೆ. ಆ ಚಳಿಯಲ್ಲಿ, ಒಬ್ಬರೇ ಇದ್ದಾಗ, ಯಾರೂ ಕೇಳದಿದ್ದರೂ ಎರಡೆರಡು ಸಲ ಪರೀಕ್ಷೆ ಮಾಡಿದವರ ಕೈ ಅದು. ಇದನ್ನು ನಿಮ್ಮ ಮಗಳಿಗೆ, ನನ್ನ ಅಕ್ಕನಿಗೆ, ಹೇಳಿ.

ಹತ್ತು ಗಂಟೆಗೆ ಅರವತ್ತಮೂರು. ಗಾಜಿನ ಮೇಲೆ ಮಂಜು ಕೂತಿದ್ದರೂ ಅಷ್ಟು. ಒರೆಸಿದ್ದರೆ ಇನ್ನೂ ಹೆಚ್ಚು ಬರುತ್ತಿತ್ತು, ಅದು ಅವರಿಗೆ ಗೊತ್ತಿತ್ತು. ಅದಕ್ಕೇ ಒರೆಸಲು ಹೋದರು. ಹತ್ತೂವರೆಗೆ ಚಂದ್ರ ಹುಟ್ಟುತ್ತಿದ್ದ, ಆಮೇಲೆ ಏನೂ ಅಳೆಯಲು ಆಗುತ್ತಿರಲಿಲ್ಲ.

ಈಗ ನನ್ನ ಕ್ಯಾಮೆರಾದಲ್ಲಿ ಹೊಳಪು ಹಾಗೆ ಏರಿದಾಗ ಮೇಲೆ ಒಂದು ದೊಡ್ಡ ಅಲೆ ಹಾದುಹೋಗುತ್ತಿರುತ್ತದೆ. ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಪಟ್ಟೆ ಹಾಸಿದ ಹಾಗೆ. ಅವತ್ತೂ ಹಾಗೇ ಇದ್ದಿರಬೇಕು ಎಂಬುದು ನನ್ನ ಊಹೆ. ಬರಿಗಣ್ಣಿಗೆ ಕಾಣುತ್ತಿರಲಿಲ್ಲ. ಸೂಜಿಗೆ ಕಂಡಿತ್ತು, ಅವರು ಬರೆದಿಟ್ಟರು. ಉಳಿದ ಪುಸ್ತಕಗಳನ್ನೆಲ್ಲ ನೋಡಿ ಮುಗಿಸಿದ್ದೇನೆ. ಆ ಇಡೀ ಚಳಿಗಾಲದಲ್ಲಿ ನಿಜವಾಗಿ ಅಳೆದ ಯಾವ ರಾತ್ರಿಯಲ್ಲೂ ಅರವತ್ತಮೂರು ಇಲ್ಲ.

ಬೆಳಗ್ಗೆ ಬಂದು ಒಲೆಯ ಮುಂದೆ ಕೂತಿದ್ದರೆ, ಇವತ್ತು ಮೇಲೆ ಜೋರು ಅನ್ನುತ್ತಿದ್ದರು, ದೊಡ್ಡಮ್ಮಾ.

ನಿಮ್ಮ ತಂಗಿಯ ಮಗಳು